ಗಾಳಿಮ್ಯಾಲ, ಗಾಳಿಕೆಳಗ

ಗಾಳಿಗೆ ಮೇಲು ಕೆಳಗು ಇರುತ್ತದೆಯೇ? ಗುಡ್ಡಕ್ಕಿದೆ, ಏಣಿಗಿದೆ, ಹರಿಯುವ ನೀರಿಗೂ ಇದೆ. ಗಾಳಿಗೆ ಎಲ್ಲಿಯ ಮೇಲು? ಈ ಮಾತು ತೆಗೆದರೆ ನಾನು ಒಂದು ತಾಸು ಬಿಡುವುದಿಲ್ಲ ಅಂತ ನನ್ನ ಹತ್ತಿರದವರಿಗೆಲ್ಲ ಗೊತ್ತು, ಅದಕ್ಕೇ ಅವರು ತೆಗೆಯುವುದಿಲ್ಲ. ಇಲ್ಲಿ ನಡುವೆ ಎದ್ದು ಹೋಗುವವರು ಯಾರೂ ಕಾಣುವುದಿಲ್ಲ, ಹಾಗಾಗಿ ಹೇಳುತ್ತೇನೆ.

ನಮ್ಮಪ್ಪ ಸುರಪುರ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ ಹರಿಗೋಲು ಹಾಕುತ್ತಿದ್ದ. ಬಿದಿರು ಹೆಣೆದು ತೊಗಲು ಬಿಗಿದ ದುಂಡನೆಯ ದೋಣಿ ಅದು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ಕೈಯಲ್ಲಿ ಒಂದು ಹುಟ್ಟು, ಅಷ್ಟೇ. ಸಮುದ್ರದ ಹಡಗಿನವರು ಗಾಳಿ ಬರುವ ಮಗ್ಗುಲಿಗೆ ಒಂದು ಹೆಸರು, ಗಾಳಿ ಹೋಗುವ ಮಗ್ಗುಲಿಗೆ ಇನ್ನೊಂದು ಹೆಸರು ಇಟ್ಟುಕೊಂಡಿರುತ್ತಾರೆ ಅನ್ನುವುದನ್ನು ನಾನು ಬಹಳ ತಡವಾಗಿ ಓದಿ ತಿಳಿದೆ. ಓದಿ ನಕ್ಕೆ. ಸಮುದ್ರವನ್ನು ಕಣ್ಣಿಂದ ಕಾಣದ ನಮ್ಮಪ್ಪನ ಬಾಯಲ್ಲಿ ಆ ಎರಡು ಹೆಸರು ಮೊದಲಿನಿಂದಲೂ ಇದ್ದವು. ಗಾಳಿ ಯಾವ ಕಡೆಯಿಂದ ಬರುತ್ತದೋ ಅದು ಗಾಳಿಮ್ಯಾಲ. ಯಾವ ಕಡೆಗೆ ಹೋಗುತ್ತದೋ ಅದು ಗಾಳಿಕೆಳಗ.

ದಿನಕ್ಕೆ ಹತ್ತು ಸಲವಾದರೂ ಮನೆಯಲ್ಲಿ ಈ ಮಾತು ಬರುತ್ತಿತ್ತು. ಬೀಡಿ ಸೇದುವವರು ಹರಿಗೋಲಿನಲ್ಲಿ ಗಾಳಿಕೆಳಗ ಕೂಡಬೇಕು. ದಂಡೆಯ ಮೇಲೆ ಒಲೆ ಹೂಡುವುದಿದ್ದರೆ ಒಣಹಾಕಿದ ಬಲೆಗಳ ಗಾಳಿಕೆಳಗ ಹೂಡಬೇಕು, ಕಿಡಿ ಹಾರಿದರೂ ಬಲೆಗೆ ತಾಗಬಾರದು. ಆಚೆ ದಂಡೆಯಲ್ಲಿ ನಿಂತು ಕೂಗುವವರು ಗಾಳಿಮ್ಯಾಲ ಇದ್ದರೆ ಮಾತು ಕಿವಿಗೆ ಬೀಳುತ್ತದೆ, ಗಾಳಿಕೆಳಗ ಇದ್ದರೆ ಬಾಯಿ ಆಡುವುದಷ್ಟೇ ಕಾಣುತ್ತದೆ. ನಮ್ಮವ್ವ ಜಗಳಕ್ಕೆ ನಿಂತರೆ ತಪ್ಪದೆ ಗಾಳಿಮ್ಯಾಲೇ ನಿಲ್ಲುತ್ತಾಳೆ ಅಂತ ಅಪ್ಪ ಅವಳನ್ನು ಕಾಡುತ್ತಿದ್ದ. ಅವ್ವ ಬೇಗ ಹೋದಳು. ಅವಳ ಬಾಯಿ ನನಗೆ ಬಂತು.

ಹರಿಗೋಲನ್ನು ನೇರ ಎದುರಿನ ದಂಡೆಗೆ ಬಿಡುವುದಿಲ್ಲ. ಅದನ್ನು ತಲೆಯ ಮೇಲೆ ಬೋರಲು ಹೊತ್ತು, ನೀರು ಬರುವ ಕಡೆ ದಂಡೆಗುಂಟ ಸಾಕಷ್ಟು ದೂರ ನಡೆದು, ಅಲ್ಲಿ ನೀರಿಗಿಳಿಸಬೇಕು. ಹರಿವು ತಳ್ಳಿಕೊಂಡು ಬಂದು ಬೇಕಾದಲ್ಲಿಗೇ ಹಚ್ಚುತ್ತದೆ. ಗಾಳಿಗೂ ಅದೇ ಲೆಕ್ಕ, ಎಷ್ಟು ತಳ್ಳೀತು ಅಂತ ಅಂದಾಜು ಮಾಡಿ ಅಷ್ಟು ಮೇಲೆ ಹೋಗಿ ಬಿಡುವುದು. ಮಳೆಗಾಲದಲ್ಲಿ ನೀರೂ ಪಡುವಣದಿಂದ, ಗಾಳಿಯೂ ಪಡುವಣದಿಂದ, ತೊಂದರೆಯಿಲ್ಲ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬರುತ್ತದೆ, ನೀರು ಮಾತ್ರ ಪಡುವಣದಿಂದಲೇ ಬರುತ್ತದೆ, ಆಗ ಒಂದೇ ಹೊಳೆಗೆ ಎರಡು ಮೇಲು. ಅಪ್ಪ ದಂಡೆಯ ಮೇಲೆ ನಿಂತು ಎರಡೂ ಕೆನ್ನೆಗೆ ಗಾಳಿ ಸಮನಾಗಿ ತಾಗುವ ತನಕ ತಲೆ ಹೊರಳಿಸಿ, ತುಸು ಯೋಚಿಸಿ, ಹರಿಗೋಲು ಹೊತ್ತು ಹೊರಡುತ್ತಿದ್ದ. ಅವನ ಅಂದಾಜು ತಪ್ಪಿ ಹರಿಗೋಲು ಬೇರೆಲ್ಲೋ ಹತ್ತಿದ್ದನ್ನು ನಾನು ಕಂಡಿಲ್ಲ.

ನೀರನ್ನು ಹೋಗುವ ಕಡೆಯಿಂದ ಗುರುತಿಸುತ್ತೇವೆ, ಮೂಡಣಕ್ಕೆ ಹರಿಯುವ ಹೊಳೆ ಅನ್ನುತ್ತೇವೆ. ಗಾಳಿಯನ್ನು ಬಂದ ಕಡೆಯಿಂದ ಗುರುತಿಸಿ ಪಡುವಣ ಗಾಳಿ ಅನ್ನುತ್ತೇವೆ. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೂ ಹೆಸರು ತಿರುವುಮುರುವು. ಯಾಕೆ ಹೀಗೆ ಅಂತ ಅಪ್ಪನನ್ನು ಒಮ್ಮೆ ಕೇಳಿದ್ದೆ.

"ಮನಿಗಿ ಬಂದವರಿಗಿ ಯಾವೂರಿಂದ ಬಂದ್ರಿ ಅಂತ ಕೇಳ್ತೀವಿ. ಹೊಂಟವರಿಗಿ ಎಲ್ಲಿಗಿ ಹೊಂಟ್ರಿ ಅಂತ ಕೇಳ್ತೀವಿ," ಅಂದ. "ಗಾಳಿ ಬಂದಾಕಿ. ನೀರು ಹೊಂಟಾಕಿ. ಇದರಾಗ ಏನದ?"

ಆ ಮಾತನ್ನು ನಾನು ನೆಟ್ಟಗೆ ತಲೆಯಲ್ಲಿಟ್ಟುಕೊಂಡಿದ್ದರೆ ಮುಂದಿನದು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅಣೆಕಟ್ಟು ಬಂತು. ನಮ್ಮ ಹಳ್ಳಿಯ ಮುಂದೆ ಹೊಳೆ ನಿಂತು, ಎದುರಿನ ದಂಡೆಯ ಮನುಷ್ಯ ಗುರುತು ಸಿಗದಷ್ಟು ಅಗಲವಾಯಿತು. ಹರಿವು ಅನ್ನುವುದೇ ಇಲ್ಲ, ತಳ್ಳುವುದೆಲ್ಲ ಗಾಳಿಯೇ. ಅಪ್ಪ ಎರಡು ವರ್ಷ ಬರೀ ಗಾಳಿಯ ಲೆಕ್ಕದ ಮೇಲೆ ಹರಿಗೋಲು ಹಾಕಿದ. ಆಮೇಲೆ ಅವನಿಗೆ ದಮ್ಮು ಹತ್ತಿತು. ನಾಲ್ಕು ಹೆಜ್ಜೆ ನಡೆದರೆ ಎದೆ ಸೀಟಿ ಊದುತ್ತಿತ್ತು. ಶಹಾಪುರದ ಡಾಕ್ಟರು ನೋಡಿ, ಹೊಗೆ ಧೂಳು ಎರಡರಿಂದಲೂ ದೂರ ಇಡಿ, ಇಲ್ಲದಿದ್ದರೆ ಬಹಳ ದಿನ ಇರುವುದಿಲ್ಲ ಅಂದರು. ಅವನನ್ನು ನನ್ನ ಹತ್ತಿರ ಕರಕೊಂಡು ಬಂದೆ. ಆಗ ನಾನು ಗಂಡನ ಮನೆ ಬಿಟ್ಟು ಬಂದು ಒಂದು ಕಾಲುವೆ ಕ್ಯಾಂಪಿನಲ್ಲಿ ದಿನಗೂಲಿಯ ಮೇಲೆ ಕೆಲಸಕ್ಕಿದ್ದೆ. ಗಂಡನ ಮನೆಯ ಕಥೆ ಬೇರೆ, ಅದು ಇಲ್ಲಿ ಬೇಡ.

ಕ್ಯಾಂಪು ವನದುರ್ಗದ ಆಚೆ ಬಯಲಿನಲ್ಲಿತ್ತು. ಅದಕ್ಕೊಂದು ಹೆಸರೂ ಇರಲಿಲ್ಲ, ಬಸ್ಸಿನವರು ಕ್ಯಾಂಪು ಅಂತಲೇ ಕೂಗಿ ಇಳಿಸುತ್ತಿದ್ದರು. ಕಚೇರಿ, ಅದರ ಹಿಂದೆ ತಗಡಿನ ಮನೆಗಳ ಸಾಲು, ಅದರಾಚೆ ಕಾಲುವೆ ಅಗೆಯುವ ಕೂಲಿಯವರ ಗುಡಿಸಲು. ಸಾಲಿನ ಎರಡನೆಯ ಮನೆ ನನ್ನದು. ನನ್ನ ಕೆಲಸ ದಿನಕ್ಕೆರಡು ಹೊತ್ತು ಕಾಲುವೆಯ ನೀರಿನ ಮಟ್ಟ ನೋಡುವುದು, ಆಮೇಲೆ ತಂತಿ ಬೇಲಿಯೊಳಗೆ ನೆಟ್ಟ ಯಂತ್ರಗಳನ್ನು ನೋಡುವುದು. ಎಷ್ಟು ಮಳೆ, ಎಷ್ಟು ಬಿಸಿಲು, ಗಾಳಿ ಯಾವ ದಿಕ್ಕು, ಎಲ್ಲ ಒಂದು ದೊಡ್ಡ ರಿಜಿಸ್ಟರಿನಲ್ಲಿ ಬರೆಯುವುದು. ಮೆಟ್ರಿಕ್ ಪಾಸಾದ ಹೆಣ್ಣುಮಗಳು ಆ ಕಡೆ ನಾನೊಬ್ಬಳೇ ಇದ್ದದ್ದು. ಠೀವಿ ಏನು ಕೇಳುತ್ತೀರಿ. ರಿಜಿಸ್ಟರು ಮಾಸಬಾರದೆಂದು ಮೊದಲ ದಿನವೇ ಕಂದು ಕಾಗದ ತಂದು ರಟ್ಟಿಗೆ ಹೊದಿಸಿ, ಒಳಮಗ್ಗುಲಿಗೂ ಮಡಚಿ, ಗೋಂದು ಹಚ್ಚಿ ಅಂಟಿಸಿಬಿಟ್ಟೆ.

ಗಾಳಿಯ ದಿಕ್ಕು ತೋರಿಸಲು ಒಂದು ಎತ್ತರದ ಕಂಬದ ಮೇಲೆ ಕಬ್ಬಿಣದ ಬಾಣವಿತ್ತು. ಮೊದಲ ಬೆಳಿಗ್ಗೆ ನೋಡುತ್ತೇನೆ, ಬಾಣದ ಮೊನೆ ಪಡುವಣಕ್ಕೆ ಮುಖ ಮಾಡಿ ನಿಂತಿದೆ, ಧೂಳು ಎಲೆ ಎಲ್ಲ ಮೂಡಣಕ್ಕೆ ಹಾರಿ ಹೋಗುತ್ತಿವೆ. ಯಾವನೋ ಪುಣ್ಯಾತ್ಮ ಬಾಣವನ್ನು ಉಲ್ಟಾ ಕೂಡಿಸಿದ್ದಾನೆ ಅಂತ ನನಗೆ ಖಾತ್ರಿಯಾಯಿತು. ರಿಜಿಸ್ಟರಿನಲ್ಲಿ ಕಾಲುವೆಯ ಕಾಲಂ ಮೊದಲು, ಗಾಳಿಯದು ಆಮೇಲೆ. ಕಾಲುವೆಯ ದಿಕ್ಕು ಅಂದರೆ ನೀರು ಹೋಗುವ ದಿಕ್ಕು. ಬಸ್ಸಿನ ಬೋರ್ಡೂ ಹಾಗೇ ಅಲ್ಲವೇ? ಭೀಮರಾಯನಗುಡಿಯಲ್ಲಿ ನಿಂತು ಯಾದಗಿರಿ ಬಸ್ಸು ಬಂತು ಅಂದರೆ ಯಾದಗಿರಿಗೆ ಹೋಗುವ ಬಸ್ಸು. ಹಾಗಾಗಿ ಬಾಣ ತೋರಿಸಿದ್ದನ್ನು ತಿರುವಿ, ಮೂಡಣ ಅಂತ ಬರೆದೆ. ಮನೆಯಲ್ಲಿ ಪಡುವಣ ಗಾಳಿ ಅನ್ನುತ್ತಿದ್ದ ಅದೇ ನಾನು ಕಚೇರಿಯಲ್ಲಿ ಮೂಡಣ ಅಂತ ಬರೆದೆ. ಮನೆಯ ಮಾತು ಮನೆಗೆ, ಸರಕಾರದ ಲೆಕ್ಕ ಬೇರೆಯೇ ಇರುತ್ತದೆ ಅಂತ ನಂಬಿದ್ದೆ. ಒಂದು ವರ್ಷ ಪೂರ್ತಿ, ದಿನಕ್ಕೆರಡು ಸಲ, ದುಂಡಗಿನ ಅಕ್ಷರದಲ್ಲಿ ತಿರುವುಮುರುವಾಗಿ ಬರೆದೆ. ಓವರ್ಸಿಯರ್ ಸಾಹೇಬರು ಕೆಳಗೆ ಸಹಿ ಮಾಡುತ್ತ ಹೋದರು. ಅವರು ಮೈಸೂರು ಕಡೆಯವರು, ಒಳ್ಳೆಯವರೇ, ನಮ್ಮ ಬಿಸಿಲಿಗೆ ಹೆದರಿ ಹೊರಗೆ ಬರುತ್ತಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಕಾಲುವೆಯ ಕೆಲಸಕ್ಕೆ ಖಡಿ ಬೇಕಾಯಿತು. ಬಂಡೆ ಒಡೆದು ಸಣ್ಣ ಕಲ್ಲು ಮಾಡುವ ಖಡಿ ಮಷೀನು ತರಿಸಿದರು. ಕ್ಯಾಂಪಿನ ಪಡುವಣಕ್ಕೊಂದು ಕಲ್ಲುದಿಬ್ಬ, ಮೂಡಣಕ್ಕೊಂದು. ಯಾವ ದಿಬ್ಬದ ಹತ್ತಿರ ಹೂಡಬೇಕು ಅನ್ನುವ ಪ್ರಶ್ನೆ ಬಂತು. ಜೋರು ಗಾಳಿಯ ಮಳೆಗಾಲದಲ್ಲಿ ಧೂಳು ಮನೆಗಳ ಮೇಲೆ ಬರಬಾರದು, ಗಾಳಿಯ ರಿಜಿಸ್ಟರು ನೋಡಿ ನಿರ್ಧರಿಸಿ ಅಂತ ಮೇಲಿನಿಂದ ಕಾಗದ ಬಂತಂತೆ. ಸಾಹೇಬರು ರಿಜಿಸ್ಟರು ತರಿಸಿಕೊಂಡರು. ನನ್ನ ಬರಹ ಒಂದು ಕೆಲಸಕ್ಕೆ ಬಂತಲ್ಲ ಅಂತ ನಾನು ಆವತ್ತು ಸೆಟೆದುಕೊಂಡೇ ಓಡಾಡಿದೆ.

ಮಷೀನು ಪಡುವಣದ ದಿಬ್ಬಕ್ಕೆ ಬಂತು. ಕಟ್ಟೆ ಕಟ್ಟುವುದನ್ನು ಅಪ್ಪ ಬಾಗಿಲಲ್ಲಿ ಕೂತು ನೋಡಿದ.

"ಅಲ್ಲವ್ವ, ಅದು ನಮಗ ಗಾಳಿಮ್ಯಾಲ ಆಗ್ತದಲ್ಲ," ಅಂದ. "ಮಿರಗದ ಮಳಿ ಹಿಡೀತಂದ್ರ ಪುಡಿ ಎಲ್ಲ ಇಲ್ಲಿಗೇ ಬರ್ತದ."

ನನಗೂ ಒಂದು ಗಳಿಗೆ ಅಳುಕಾಯಿತು, ಸುಳ್ಳೇಕೆ ಹೇಳಲಿ. ಆದರೆ ಬಾಯಿಂದ ಬಂದದ್ದು ಬೇರೆ.

"ನಿನಗೇನು ತಿಳೀತದಪ್ಪ? ವರ್ಷದ ರಿಜಿಸ್ಟರ್ ನೋಡಿ ಇಟ್ಟಾರ. ನಾನೇ ಬರದದ್ದು ಅದು. ಇದು ಹರಿಗೋಲಲ್ಲ, ಮಷೀನು."

ಇವತ್ತಿಗೂ ಆ ಮಾತು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಿರಗ, ಅಂದರೆ ಮೃಗಶಿರಾ ಮಳೆ, ನಾಲ್ಕು ಹನಿ ಹಾಕಿ ಹೋಯಿತು. ಹಿಂದೆಯೇ ಪಡುವಣ ಗಾಳಿ ಹಿಡಿಯಿತು. ಮಷೀನು ಬೆಳಿಗ್ಗೆ ಶುರುವಾದರೆ ಸಂಜೆಯ ತನಕ ಬೂದುಬಣ್ಣದ ಪುಡಿ ನೇರ ನಮ್ಮ ಸಾಲಿನ ಮೇಲೆ ಬೀಳುತ್ತಿತ್ತು. ಹಿಟ್ಟು ನಾದುವ ಪರಾತದಲ್ಲಿ ಪುಡಿ, ಕುಡಿಯುವ ನೀರಿನ ಮೇಲೆ ಪುಡಿ. ಅಪ್ಪನ ದಮ್ಮು ಏರಿತು. ಮಲಗಲಾಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಇರುತ್ತಿದ್ದ. ಬಾಗಿಲಿಗೆ ಒದ್ದೆ ಚಾದರ ಕಟ್ಟಿದೆ, ಉಪಯೋಗವಾಗಲಿಲ್ಲ. ಡಾಕ್ಟರು ಹೇಳಿದ್ದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಅವನನ್ನು ಬೇರೆ ಕಡೆ ಇಡೋಣವೆಂದರೆ ನಮಗೆ ಬೇರೆ ಮನೆಯಿರಲಿಲ್ಲ.

ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಮಳೆಗಾಲದ ಗಾಳಿ ಮೂಡಣಕ್ಕೆ ಹೋಗುತ್ತದೆ ಅಂತ ನಾನು ಬರೆದುಕೊಟ್ಟಿದ್ದೇನೆ, ಇವರು ತಂದು ಪಡುವಣಕ್ಕೆ ಹೂಡಿದ್ದಾರೆ, ಕಣ್ಣೇನು ಕುರುಡೇ? ರಿಜಿಸ್ಟರು ಬಗಲಲ್ಲಿ ಹಿಡಿದು ಓವರ್ಸಿಯರ್ ಸಾಹೇಬರ ಕೋಣೆಗೆ ನುಗ್ಗಿದೆ.

"ಓದಾಕ ಬರ್ತದೇನ್ರಿ ನಿಮಗ?" ಅಂದೆ. ಹಾಗೇ ಅಂದೆ, ನೆನಪಿದೆ. "ಮೂಡಣ, ಮೂಡಣ, ಮೂಡಣ. ಕಾಣ್ತದಿಲ್ಲ? ಗಾಳಿ ಮೂಡಣಕ್ಕ ಹೋಗ್ತದಂತ ಬರದೀನಿ. ನಮ್ಮಪ್ಪ ಸಾಯಾಕತ್ತಾನ ಅಲ್ಲಿ."

ಅವರು ಗಾಬರಿಯಾಗಿ ಕನ್ನಡಕ ಹಾಕಿಕೊಂಡರು. "ಇರಮ್ಮ, ಕೂಗಬೇಡ. ಮೂಡಣ ಅಂತ ಬರೆದರೆ ಮೂಡಣದಿಂದ ಬರೋ ಗಾಳಿ ಅಂತ ಅರ್ಥ. ಧೂಳು ಆಚೆ ಹೋಗಲಿ ಅಂತಲೇ ಪಡುವಣಕ್ಕೆ ಇಡಿಸಿದೆ. ಹೋಗೋ ದಿಕ್ಕು ಯಾಕೆ ಬರೆದೆ ನೀನು?"

"ಯಾರಂದ್ರು ಹಂಗ?"

"ರಿಜಿಸ್ಟರಲ್ಲೇ ಇರುತ್ತಲ್ಲಮ್ಮ," ಅಂದು ಅವರು ರಟ್ಟು ತೆರೆದರು. ಅಲ್ಲಿ ನನ್ನ ಕಂದು ಕಾಗದ. ಉಗುರಿನಿಂದ ಎಬ್ಬಿಸಿ ಸರಕ್ಕನೆ ಹರಿದರು. ಕೆಳಗೆ ಅಚ್ಚು ಹಾಕಿದ ಸೂಚನೆಗಳಿದ್ದವು. ಆರನೆಯದು, ಗಾಳಿ ಯಾವ ದಿಕ್ಕಿನಿಂದ ಬರುತ್ತದೋ ಆ ದಿಕ್ಕನ್ನೇ ಬರೆಯತಕ್ಕದ್ದು, ಬಾಣದ ಮೊನೆಯು ಅದನ್ನೇ ತೋರಿಸುವುದು.

ಓದಿದೆ. ಮತ್ತೊಮ್ಮೆ ಓದಿದೆ. ಎಷ್ಟು ಜೋರಾಗಿ ಕೂಗಿಕೊಂಡು ಬಂದಿದ್ದೆನೋ ಅಷ್ಟೂ ನನ್ನ ಮುಖಕ್ಕೇ ತಿರುಗಿ ಬಡಿಯಿತು. ಹಡಗಿನವರು, ಸರಕಾರದವರು, ನಮ್ಮಪ್ಪ, ಎಲ್ಲರದೂ ಒಂದೇ ಲೆಕ್ಕ. ಬೇರೆ ಲೆಕ್ಕ ಹಿಡಿದವಳು ನಾನೊಬ್ಬಳೇ.

ಸಾಹೇಬರು ಎದ್ದು ಬಾಗಿಲು ಮುಚ್ಚಿದರು. "ನೋಡಮ್ಮ, ನೀನು ಬರೆದಿದ್ದೀಯ, ನಾನು ಸಹಿ ಮಾಡಿದ್ದೀನಿ. ಮಷೀನ್ ಎತ್ತಬೇಕು ಅಂದ್ರೆ ಕಾರಣ ಬರೆದು ಕಳಿಸಬೇಕು. ಬರೆದರೆ ನಿನ್ನ ಕೆಲಸ ಉಳಿಯಲ್ಲ. ನಾಳೆಯಿಂದ ಸರಿಯಾಗಿ ಬರೀ. ದಸರಾ ಹೊತ್ತಿಗೆ ಗಾಳಿ ತಿರುಗುತ್ತೆ, ಅಲ್ಲಿಯವರೆಗೆ ಹೇಗಾದ್ರೂ ನೋಡ್ಕೋ."

ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಅಪ್ಪನ ಔಷಧ ಎಲ್ಲಿಂದ? ಇದನ್ನೇ ಹೇಳಿಕೊಂಡು ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿಬಡಕಿ ಅಂತ ಹೆಸರು ಪಡೆದವಳು ಹನ್ನೊಂದು ದಿನ ಸುಮ್ಮನಿದ್ದೆ ಅಂದರೆ ಎಷ್ಟು ಹೆದರಿದ್ದೆ ಅನ್ನುವುದು ನಿಮಗೆ ತಿಳಿಯಬೇಕು. ಅಪ್ಪನ ಎದೆ ಊದುವ ಸದ್ದು ಕೇಳುತ್ತ ರೊಟ್ಟಿ ಬಡಿದೆ, ಸದ್ದು ಕೇಳುತ್ತ ಮಲಗಿದೆ. ರಿಜಿಸ್ಟರಿನಲ್ಲಿ ಪಡುವಣ ಅಂತ ಸರಿಯಾಗಿ ಬರೆಯತೊಡಗಿದೆ. ಅದರಿಂದ ಯಾರಿಗೆ ಏನಾಯಿತು? ಧೂಳು ಬರುವುದು ಬರುತ್ತಲೇ ಇತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಒಳಗೆ ಒಲೆಯ ಮುಂದಿದ್ದೆ. ಪಕ್ಕದ ಮನೆಯಾಕೆ ಬಂದು ಬಾಗಿಲ ಹೊರಗೆ ಕೂತ ಅಪ್ಪನ ಮುಂದೆ ಅಕ್ಕಿಯ ತಟ್ಟೆ ಹಿಡಿದಳು. ಗಂಡ ಕಚೇರಿಯ ಜವಾನ, ತಾನು ಕಾಲುವೆಯಲ್ಲಿ ಮಣ್ಣು ಹೊರುವಾಕೆ, ಮಾತು ಖಡಕ್ಕು.

"ನೋಡು ಮುತ್ಯಾ, ಅಕ್ಕಿ ಹಸನ ಮಾಡಾಕತ್ತಿದ್ನಿ, ಅಕ್ಕಿ ಯಾವುದು ಪುಡಿ ಯಾವುದು ತಿಳಿಯವಲ್ದು. ಯಾವ ತಿಳಿಗೇಡಿ ಅದನ್ನ ಗಾಳಿಗಿ ಎದುರ ತಂದಿಟ್ಟಾನ?"

ಅಪ್ಪ ಉಸಿರು ಎಳೆದುಕೊಳ್ಳುವ ತನಕ ತಡೆದ. ಆಮೇಲೆ ಹೇಳಿದ್ದನ್ನು ನಾನು ಒಳಗಿನಿಂದ ಒಂದಕ್ಷರ ಬಿಡದೆ ಕೇಳಿದೆ.

"ಹಂಗ ಅನಬ್ಯಾಡ ತಂಗಿ. ನಮ್ಮ ಹುಡುಗಿ ವರ್ಷಾನಗಟ್ಲೆ ನೋಡಿ ಬರದಾಳ. ಗಾಳಿ ಇತ್ತಾಗ ಬರಲ್ಲ ಅಂತ ಅದರಾಗ ಅದ. ಓದಿದಾಕಿ, ಆಕಿ ತಪ್ಪು ಬರಿಯಲ್ಲ."

"ಮತ್ತ ಇದೇನು ಮೋಡದಾಗಿಂದ ಬಿತ್ತೇನು?"

"ನನಗೂ ಪಡುವಣಲಿಂದನ ಬಂದಂಗ ಅನಿಸ್ತದ," ಅಂದ ಅಪ್ಪ. ದನಿ ಸಣ್ಣದಾಯಿತು. "ಆಕಿಗಿ ಹೇಳಬ್ಯಾಡ. ನನಗ ತಲಿ ಕೆಟ್ಟದ. ಹೊಳಿ ನಿಂತ ಮ್ಯಾಲ ದಿಕ್ಕ ತಿಳಿಯವಲ್ದು. ಗಾಳಿ ಒಂದು ಬರ್ತದ, ನನಗ ಒಂದು ತಿಳೀತದ. ಮುದುಕರಿಗಿ ಹಂಗ ಆಗ್ತದಂತ."

ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು. ಸೀದ ವಾಸನೆ ಬಂದ ಮೇಲೆ ಎಚ್ಚರಾಯಿತು. ಕೆಮ್ಮಿ ಕೆಮ್ಮಿ ಸಾಯುತ್ತಿರುವ ಮನುಷ್ಯ, ನಲವತ್ತು ವರ್ಷ ಗಾಳಿ ನೋಡಿ ಬದುಕಿದ ಮನುಷ್ಯ, ಮಗಳ ಬರಹ ಸುಳ್ಳಾಗಬಾರದೆಂದು ತನಗೆ ಹುಚ್ಚು ಅಂತ ಒಪ್ಪಿಕೊಂಡು ಕೂತಿದ್ದ.

ಒಲೆ ಆರಿಸಿದೆ. ಒಂದು ಬಿಳಿ ಹಾಳೆ ಹರಿದು ಅಲ್ಲೇ ನೆಲದ ಮೇಲಿಟ್ಟು ಬರೆದೆ. ಗಾಳಿಯ ಕಾಲಂನಲ್ಲಿ ಒಂದು ವರ್ಷ ನಾನು ದಿಕ್ಕನ್ನು ತಿರುವಿ ಬರೆದಿದ್ದೇನೆ, ತಪ್ಪು ನನ್ನದು, ಅದರಿಂದಾಗಿ ಖಡಿ ಮಷೀನು ವಸತಿಯ ಗಾಳಿಮೇಲೆ ಬಂದಿದೆ, ಅದನ್ನು ಮೂಡಣದ ದಿಬ್ಬಕ್ಕೆ ಒಯ್ಯಬೇಕು. ಗಾಳಿಮೇಲೆ ಅನ್ನುವುದು ಸರಕಾರದ ಕಾಗದಕ್ಕೆ ನಡೆಯುತ್ತದೋ ಇಲ್ಲವೋ ಅಂತ ಯೋಚಿಸಲಿಲ್ಲ, ಬೇರೆ ಮಾತು ನನಗೆ ಸಿಗಲೂ ಇಲ್ಲ.

ಆ ಕಾಗದದಿಂದ ಏನಾಯಿತು ಅನ್ನುವುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆವತ್ತೇ ಮಧ್ಯಾಹ್ನದ ಬಸ್ಸು ಹತ್ತಿ ಹೋಗಿ ಭೀಮರಾಯನಗುಡಿಯ ಕಚೇರಿಯಲ್ಲಿ ದೊಡ್ಡ ಸಾಹೇಬರ ಮೇಜಿನ ಮೇಲೆ ಇಟ್ಟು ಬಂದೆ. ನಾಲ್ಕನೆಯ ದಿನ ಮಷೀನು ನಿಂತಿತು, ಆಮೇಲೆ ಮೂಡಣಕ್ಕೆ ಹೋಯಿತು. ಓವರ್ಸಿಯರರಿಗೆ ಒಂದು ನೋಟೀಸು ಬಂತಂತೆ, ನನಗೆ ಮುಂದಿನ ತಿಂಗಳಿಂದ ಬರಬೇಡ ಅಂದರು. ಕಡೇಚೂರಿನ ಕಡೆ ನಮ್ಮ ಸೋದರತ್ತೆಯ ಮನೆಯಿತ್ತು, ಅಪ್ಪನನ್ನು ಕಟ್ಟಿಕೊಂಡು ಅಲ್ಲಿಗೆ ಹೋದೆ. ಅವನು ಆಮೇಲೆ ಆರು ವರ್ಷ ಇದ್ದ.

ಬಸ್ಸಿಗೆ ಹೋಗುವ ಮುಂಚೆ ಹೊಸ್ತಿಲ ಮೇಲೆ ಕೂತು, ಪಕ್ಕದ ಮನೆಯಾಕೆ ಅಲ್ಲೇ ಇರುವಾಗಲೇ, ಕಾಗದವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಮೊದಲ ಸಲ ತಿಳಿಯಲಿಲ್ಲ ಅಂತ ಕಾಣುತ್ತದೆ, ಮತ್ತೊಮ್ಮೆ ಓದಿಸಿದ.

"ಅಂದ್ರ ಗಾಳಿ ಪಡುವಣಲಿಂದನ ಬರಾಕತ್ತದ?" ಅಂದ.

"ಹೌದಪ್ಪ."

"ಮೊದಲಿಂದೂ?"

"ಮೊದಲಿಂದೂ. ನಾ ತಪ್ಪು ಬರದೀನಿ. ಹನ್ನೊಂದು ದಿನದಿಂದ ಗೊತ್ತದ ನನಗ, ನೌಕ್ರಿ ಹೋಗ್ತದಂತ ನಿನಗ ಹೇಳಿಲ್ಲ."

ಬೈಯಲಿ ಅಂತ ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಪಕ್ಕದ ಮನೆಯಾಕೆಯ ಕಡೆ ತಿರುಗಿದ. ಅವನ ಹುಬ್ಬು ಮೀಸೆಯ ಮೇಲೆಲ್ಲ ಪುಡಿ ಕೂತಿತ್ತು, ಅದರೊಳಗಿನಿಂದ ಮುಖ ಅರಳಿತು. ಅಷ್ಟು ಖುಷಿಯಾದದ್ದನ್ನು ನಾನು ಅಣೆಕಟ್ಟು ಬಂದ ಮೇಲೆ ಕಂಡೇ ಇರಲಿಲ್ಲ.

"ಕೇಳಿದೇನು ತಂಗಿ," ಅಂದ. "ನನಗ ತಲಿ ಕೆಟ್ಟಿಲ್ಲಂತ."